ಫ್ಯೂಮ್ ಹುಡ್ ಪರೀಕ್ಷೆ: ಮೊದಲು ಹೊಗೆ ಬಿಡಿ, ಮೀಟರ್ ಆಮೇಲೆ

"ಮೀಟರ್ ಸರಿಯಾಗೇ ತೋರಿಸ್ತಿದೆ, ಆದರೂ ಹುಡ್ ಮುಂದೆ ನಿಂತರೆ ವಾಸನೆ ಬರುತ್ತೆ, ಯಾಕೆ?" ಹೀಗೆ ಕೇಳುವವರೆಲ್ಲ ಹೆಚ್ಚುಕಡಿಮೆ ಒಂದೇ ಕೆಲಸ ಮಾಡಿರುತ್ತಾರೆ. ಫ್ಯೂಮ್ ಹುಡ್, ಅಂದರೆ ಲ್ಯಾಬ್‌ನಲ್ಲಿ ರಾಸಾಯನಿಕಗಳ ಆವಿಯನ್ನು ಎಳೆದುಕೊಳ್ಳುವ ಪೆಟ್ಟಿಗೆ, ಅದನ್ನು ಆನ್ ಮಾಡಿ, ಅದರ ಬಾಯಿಗೆ ಗಾಳಿಯ ವೇಗ ಅಳೆಯುವ ಎನಿಮೋಮೀಟರ್ ಹಿಡಿದು, ನಾಲ್ಕೈದು ಕಡೆ ಅಳೆದು, ಸರಾಸರಿ ಸೆಕೆಂಡಿಗೆ 0.5 ಮೀಟರ್ ಬಂದ ಕೂಡಲೇ ಸ್ಟಿಕ್ಕರ್ ಅಂಟಿಸಿರುತ್ತಾರೆ. ಗಾಳಿ ಒಳಗೆ ಹೋಗುತ್ತಿದೆ ಅನ್ನುವುದು ಒಂದು ವಿಷಯ. ಒಳಗಿನ ಆವಿ ಹೊರಗೆ ಬರುತ್ತಿಲ್ಲ ಅನ್ನುವುದು ಬೇರೆಯೇ ವಿಷಯ. ಮೀಟರ್ ಹೇಳುವುದು ಮೊದಲನೆಯದನ್ನು ಮಾತ್ರ, ನಿಮ್ಮ ಮೂಗಿಗೆ ಬೇಕಿರುವುದು ಎರಡನೆಯದು.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಫೇಲ್ ಆದರೆ ಅದನ್ನು ಸರಿಮಾಡಿ ಮುಂದೆ ಹೋಗಿ, ಹಾರಿಸಬೇಡಿ.

## ಶುರು ಮಾಡುವ ಮೊದಲು: ಅದು ನಿಜಕ್ಕೂ ಫ್ಯೂಮ್ ಹುಡ್ ಹೌದಾ?

ನಗಬೇಡಿ, ಈ ಗೊಂದಲ ತುಂಬಾ ಇದೆ. ಲ್ಯಾಮಿನಾರ್ ಫ್ಲೋ ಬೆಂಚ್ ನೋಡೋದಕ್ಕೆ ಹುಡ್ ತರಹವೇ ಇರುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಗಾಳಿ ನಿಮ್ಮ ಕಡೆಗೇ ಬೀಸುತ್ತದೆ. ಅದು ಕಾಪಾಡುವುದು ಸ್ಯಾಂಪಲ್ ಅನ್ನು, ನಿಮ್ಮನ್ನಲ್ಲ. ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲಿ ಹೆಪಾ ಫಿಲ್ಟರ್ ಇರುತ್ತದೆ. ಅದು ಕಣಗಳನ್ನು ಹಿಡಿಯುತ್ತದೆ, ಸಾಲ್ವೆಂಟ್ ಆವಿಯನ್ನು ಹಿಡಿಯುವುದಿಲ್ಲ. ಡಕ್ಟ್ (ಗಾಳಿಯನ್ನು ಕಟ್ಟಡದ ಹೊರಗೆ ಒಯ್ಯುವ ಕೊಳವೆ) ಇಲ್ಲದ ಹುಡ್‌ಗಳು ಕಾರ್ಬನ್ ಫಿಲ್ಟರ್ ಮೂಲಕ ಗಾಳಿಯನ್ನು ವಾಪಸ್ ಕೋಣೆಗೇ ಬಿಡುತ್ತವೆ. ಅವಕ್ಕೆ ಇಲ್ಲಿ ಹೇಳುವುದರ ಜೊತೆಗೆ ಫಿಲ್ಟರ್ ತುಂಬಿದೆಯಾ ಅನ್ನುವ ಪರೀಕ್ಷೆಯೂ ಬೇಕು, ಎಲ್ಲ ರಾಸಾಯನಿಕಕ್ಕೂ ಒಂದೇ ಫಿಲ್ಟರ್ ನಡೆಯುವುದೂ ಇಲ್ಲ. ಈ ಬರಹ ಡಕ್ಟ್ ಇರುವ ಹುಡ್‌ಗೆ.

ಒಂದು ಎಚ್ಚರಿಕೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಆ ಹುಡ್‌ನಲ್ಲಿ ಹಿಂದೆ ಪರ್ಕ್ಲೋರಿಕ್ ಆಸಿಡ್ ಬಿಸಿ ಮಾಡಿದ್ದರೆ, ಅದೂ ಒಳಗೆ ನೀರು ಹಾಯಿಸಿ ತೊಳೆಯುವ ವ್ಯವಸ್ಥೆ ಇಲ್ಲದ ಸಾಮಾನ್ಯ ಹುಡ್ ಆಗಿದ್ದರೆ, ಬ್ಯಾಫಲ್ (ಹುಡ್ ಒಳಗಿನ ಹಿಂಬದಿಯ ತಟ್ಟೆ) ಬಿಚ್ಚಬೇಡಿ, ಡಕ್ಟ್ ತಟ್ಟಬೇಡಿ, ಏನನ್ನೂ ಕೆರೆಯಬೇಡಿ. ಒಳಗೆ ಕೂತಿರುವ ಪರ್ಕ್ಲೋರೇಟ್ ಹರಳುಗಳು ಸಣ್ಣ ಪೆಟ್ಟಿಗೂ ಸಿಡಿಯಬಹುದು. ಅಲ್ಲಿಗೆ ನಿಲ್ಲಿಸಿ, ಅದರಲ್ಲಿ ಪಳಗಿದವರನ್ನು ಕರೆಸಿ.

## ಬೇಕಾಗುವ ಸಾಮಾನು

ಎನಿಮೋಮೀಟರ್. ಬಿಸಿ ತಂತಿಯಿಂದ ಅಳೆಯುವ ಹಾಟ್‌ವೈರ್ ಮಾದರಿ ಇದ್ದರೆ ಒಳ್ಳೆಯದು, ಕಡಿಮೆ ವೇಗವನ್ನೂ ನಂಬಬಹುದಾದಂತೆ ಅಳೆಯುತ್ತದೆ. ಕ್ಯಾಲಿಬ್ರೇಶನ್ ದಿನಾಂಕ ನೋಡಿ. ಅವಧಿ ಮುಗಿದ ಮೀಟರ್‌ನ ಅಂಕಿಗೆ ಬೆಲೆ ಇಲ್ಲ.

ಮೀಟರ್ ಹಿಡಿಯಲು ಸ್ಟ್ಯಾಂಡ್. ಇದನ್ನು ಯಾರೂ ತರುವುದಿಲ್ಲ. ಕೈಯಲ್ಲಿ ಹಿಡಿದು ಹುಡ್ ಮುಂದೆ ನಿಂತರೆ ನಿಮ್ಮ ದೇಹವೇ ಗಾಳಿಗೆ ಅಡ್ಡ, ಅಳತೆ ತಪ್ಪುತ್ತದೆ.

ಹೊಗೆಗೆ ಎರಡು ಬೇಕು: ತೆಳ್ಳಗಿನದಕ್ಕೆ ಸ್ಮೋಕ್ ಟ್ಯೂಬ್, ದಪ್ಪದ್ದಕ್ಕೆ ಡ್ರೈ ಐಸ್ (ಗಟ್ಟಿ ಕಾರ್ಬನ್ ಡೈ ಆಕ್ಸೈಡ್). ಕೆಲವು ಸ್ಮೋಕ್ ಟ್ಯೂಬ್‌ಗಳಲ್ಲಿ ಟೈಟಾನಿಯಂ ಟೆಟ್ರಾಕ್ಲೋರೈಡ್ ಇರುತ್ತದೆ. ಅದು ಗಾಳಿಯ ತೇವ ತಾಗಿ ಹೈಡ್ರೋಕ್ಲೋರಿಕ್ ಆಸಿಡ್ ಕಾರುತ್ತದೆ, ಆದ್ದರಿಂದ ಮೂಗಿನ ಹತ್ತಿರ ತರಬೇಡಿ. ಡ್ರೈ ಐಸ್ ಆದರೆ ದಪ್ಪ ಗ್ಲೌಸ್, ಬಿಸಿನೀರಿನ ಬೋಗುಣಿ. ಏನನ್ನಾದರೂ ಉರಿಸಿ ಹೊಗೆ ಮಾಡುವ ಐಡಿಯಾ ಬೇಡ. ಸಾಲ್ವೆಂಟ್ ಬಳಸುವ ಜಾಗದಲ್ಲಿ ಬೆಂಕಿ ಅನ್ನುವುದು ಒಂದು ಕಾರಣ. ಬಿಸಿ ಹೊಗೆ ತಾನಾಗೇ ಮೇಲೇರುವುದರಿಂದ ಹುಡ್ ಎಳೆಯುತ್ತಿದೆ ಅಂತ ಸುಳ್ಳು ಹೇಳುತ್ತದೆ ಅನ್ನುವುದು ಇನ್ನೊಂದು.

ಉಳಿದದ್ದು ಅಳತೆ ಟೇಪ್, ಅಂಟು ಟೇಪ್, ಮಾರ್ಕರ್, ಟಾರ್ಚ್, ಬರೆಯಲು ಪುಸ್ತಕ.

## ಹಂತ 1: ಖಾಲಿ ಮಾಡುವ ಮೊದಲು ಫೋಟೋ ತೆಗೆಯಿರಿ

ಪರೀಕ್ಷೆ ಅಂದ ಕೂಡಲೇ ಹುಡ್ ಅನ್ನು ತೊಳೆದು ಹೊಳೆಯುವ ಹಾಗೆ ಮಾಡಿಬಿಡುತ್ತಾರೆ. ಪರೀಕ್ಷೆ ಪಾಸಾಗುತ್ತದೆ, ಮರುದಿನ ಅದೇ ಡಬ್ಬ, ಅದೇ ಓವನ್ ವಾಪಸ್ ಬರುತ್ತವೆ. ದಿನಾ ಹೇಗಿರುತ್ತದೋ ಹಾಗೇ ಒಂದು ಫೋಟೋ ತೆಗೆದು, ಯಾವುದು ಎಲ್ಲಿತ್ತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ರಾಸಾಯನಿಕಗಳನ್ನೆಲ್ಲ ಅವುಗಳ ಜಾಗಕ್ಕೆ ಸಾಗಿಸಿ, ನಡೆಯುತ್ತಿರುವ ರಿಯಾಕ್ಷನ್ ಇಲ್ಲ ಅಂತ ಎಲ್ಲರನ್ನೂ ಕೇಳಿ ಖಚಿತ ಮಾಡಿಕೊಂಡು ಖಾಲಿ ಮಾಡಿ. ಹೊಗೆ ಪರೀಕ್ಷೆಯನ್ನು ಎರಡು ಸಲ ಮಾಡುತ್ತೇವೆ: ಖಾಲಿ ಇದ್ದಾಗ ಒಮ್ಮೆ, ಫೋಟೋದಲ್ಲಿದ್ದ ಹಾಗೆ ಖಾಲಿ ಪಾತ್ರೆ, ಉಪಕರಣಗಳನ್ನು ಜೋಡಿಸಿ ಒಮ್ಮೆ. ತಪ್ಪು ಹುಡ್‌ನದ್ದಾ, ಅದರಲ್ಲಿ ತುಂಬಿರುವ ಸಾಮಾನಿನದ್ದಾ ಅಂತ ತಿಳಿಯುವುದು ಹೀಗೆ ಮಾತ್ರ.

## ಹಂತ 2: ಕಣ್ಣು ಮತ್ತು ಕೈಯಿಂದ ತಪಾಸಣೆ

ಮುಂದಿನ ಗಾಜಿನ ಬಾಗಿಲು, ಅಂದರೆ ಸ್ಯಾಶ್, ಪೂರ್ತಿ ಮೇಲೆ ಕೆಳಗೆ ಸರಾಗವಾಗಿ ಓಡಬೇಕು. ಬಿಟ್ಟ ಜಾಗದಲ್ಲೇ ನಿಲ್ಲಬೇಕು. ತಾನಾಗೇ ಕೆಳಗೆ ಜಾರಿದರೆ ತೂಕದ ಕೇಬಲ್ ಸವೆದಿರಬಹುದು, ಕೈ ಅದರಡಿಯಲ್ಲಿದ್ದಾಗ ಕಿತ್ತರೆ ಗತಿ ಏನು? ಕಡ್ಡಿ ಇಟ್ಟು ನಿಲ್ಲಿಸಿದ ಸ್ಯಾಶ್ ಕಂಡರೆ ಅಲ್ಲೇ ಪರೀಕ್ಷೆ ನಿಲ್ಲಿಸಿ, ರಿಪೇರಿಗೆ ಬರೆಯಿರಿ.

ಆಮೇಲೆ ಕೆಳಗಿನ ಮುಂದಿನ ಅಂಚು ನೋಡಿ. ಅಲ್ಲಿ ಬಾಗಿದ ಒಂದು ಲೋಹದ ಪಟ್ಟಿ ಇರಬೇಕು, ಏರ್‌ಫಾಯಿಲ್ ಅನ್ನುತ್ತಾರೆ. ಅದರ ಅಡಿಯ ಸಂದಿಯಿಂದ ಗಾಳಿ ನುಗ್ಗಿ ಮೇಜಿನ ಮೇಲ್ಮೈಯನ್ನು ಗುಡಿಸಿಕೊಂಡು ಹಿಂದಕ್ಕೆ ಹೋಗುತ್ತದೆ. ದೊಡ್ಡ ಪಾತ್ರೆ ಇಡೋದಕ್ಕೆ ಅಡ್ಡ ಅಂತ ಇದನ್ನು ಬಿಚ್ಚಿ ಎಲ್ಲೋ ಇಟ್ಟಿರುತ್ತಾರೆ, ಅಥವಾ ಸಂದಿಯನ್ನು ಟಿಶ್ಯೂ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿರುತ್ತಾರೆ. ಎರಡೂ ತಪ್ಪು.

ಹಿಂಬದಿಯ ಬ್ಯಾಫಲ್ ತಟ್ಟೆಗಳಲ್ಲಿ ಮೇಲೆ, ಕೆಳಗೆ ಸಂದಿಗಳಿರುತ್ತವೆ. ಟಾರ್ಚ್ ಬಿಟ್ಟು ನೋಡಿ. ಕೆಳಗಿನ ಸಂದಿ ಮುಚ್ಚುವ ಹಾಗೆ ಬಾಟಲಿಗಳನ್ನು ಒತ್ತಿ ಇಡುವುದು ಬಹಳ ಸಾಮಾನ್ಯ. ಒಳಗೆ ಎಳೆದುಕೊಂಡ ಟಿಶ್ಯೂ ಪೇಪರ್, ಫಾಯಿಲ್ ಚೂರು ಕೂಡ ಸಿಗುತ್ತವೆ. ಪಕ್ಕದ ಪ್ಯಾನೆಲ್‌ಗಳು ಎಲ್ಲ ಇವೆಯಾ, ಪೈಪ್ ಹಾಕಲು ಕೊರೆದ ತೂತು ಹಾಗೇ ಬಿಟ್ಟಿದ್ದಾರಾ ಅಂತಲೂ ನೋಡಿ.

ಸ್ಯಾಶ್‌ಗೆ ಅಂಟಿಸಿದ ಟಿಶ್ಯೂ ಪಟ್ಟಿ ಒಳಕ್ಕೆ ಹಾರುತ್ತಿದೆ ಅಂದರೆ ಫ್ಯಾನ್ ಓಡುತ್ತಿದೆ ಅಂತ ಅಷ್ಟೇ ಅರ್ಥ. ಪಟ್ಟಿ ತೋರಿಸುವುದು ದಿಕ್ಕು, ವೇಗವನ್ನಲ್ಲ.

## ಹಂತ 3: ಕೋಣೆಯ ಗಾಳಿ

ಮೀಟರ್ ಪಾಸಾಗಿಯೂ ವಾಸನೆ ಬರುವ ಬಹಳಷ್ಟು ಕೇಸುಗಳ ಉತ್ತರ ಈ ಹಂತದಲ್ಲೇ ಇರುತ್ತದೆ, ಜನ ಹಾರಿಸುವುದೂ ಇದನ್ನೇ. ಹುಡ್ ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.5 ಮೀಟರ್, ಅಂದರೆ ಗಂಟೆಗೆ 1.8 ಕಿಲೋಮೀಟರ್. ಮನುಷ್ಯ ಮಾಮೂಲಿಯಾಗಿ ನಡೆಯುವ ವೇಗವೇ ಗಂಟೆಗೆ ಸುಮಾರು 5 ಕಿಲೋಮೀಟರ್. ಹುಡ್ ಮುಂದೆ ಯಾರಾದರೂ ಸುಮ್ನೆ ಹಾದು ಹೋದರೂ ಅವರ ಹಿಂದೆ ಏಳುವ ಗಾಳಿ ಒಳಗಿನದ್ದನ್ನು ಹೊರಗೆಳೆಯಬಲ್ಲದು. ಇನ್ನು ಟೇಬಲ್ ಫ್ಯಾನ್, ತೆರೆದ ಕಿಟಕಿ, ಹುಡ್ ಕಡೆಗೇ ಮುಖ ಮಾಡಿದ ಎಸಿ ಎಲ್ಲ ಎಷ್ಟು ಕೆಡಿಸಬಹುದು ಹೇಳಿ?

ಮಾಡಬೇಕಾದ್ದು ಇಷ್ಟು. ಕೋಣೆಯ ಎಸಿ ದಿನಾ ಇರುವ ಹಾಗೇ ಇರಲಿ, ಬಾಗಿಲು ದಿನಾ ಹೇಗಿರುತ್ತೋ ಹಾಗೆ. ಸ್ಯಾಶ್ ಮುಂದೆ ಸುಮಾರು ಒಂದು ತೋಳಿನ ದೂರದಲ್ಲಿ ಮೀಟರ್ ಇಟ್ಟು ಅಡ್ಡ ಬೀಸುವ ಗಾಳಿ ಅಳೆಯಿರಿ: ಎಡ ಬಲ ಒಮ್ಮೆ, ಮೇಲಿಂದ ಕೆಳಗೆ ಒಮ್ಮೆ. ಅದು ಹುಡ್ ಬಾಯಿಯ ವೇಗದ ಅರ್ಧಕ್ಕಿಂತ ಕಡಿಮೆ ಇರಲೇಬೇಕು. 30 ಶೇಕಡದ ಒಳಗಿದ್ದರೆ ನೆಮ್ಮದಿ. ಚಾವಣಿಯಲ್ಲಿ ಹುಡ್‌ಗೆ ಹತ್ತಿರವೇ ಎಸಿ ಡಿಫ್ಯೂಸರ್ (ಗಾಳಿ ಬಿಡುವ ಜಾಲರಿ) ಇದ್ದರೆ ಮೊದಲ ಅನುಮಾನ ಅದರ ಮೇಲೇ ಇರಲಿ.

ಹುಡ್ ಹೊರಗೆ ತಳ್ಳಿದಷ್ಟು ಗಾಳಿ ಕೋಣೆಗೆ ಬರಬೇಕು ಅಲ್ವಾ? ಬಾಗಿಲು ಎಳೆಯುವುದು ಕಷ್ಟವಾಗುತ್ತಿದ್ದರೆ, ಸಂದಿಗಳಲ್ಲಿ ಸುಯ್ ಅನ್ನುವ ಶಬ್ದ ಬರುತ್ತಿದ್ದರೆ ಒಳಬರುವ ಗಾಳಿ ಸಾಲುತ್ತಿಲ್ಲ. ಬಾಗಿಲು ತೆರೆದಾಗ ಮೀಟರ್ ಏರಿ, ಮುಚ್ಚಿದಾಗ ಇಳಿದರೆ ಇದೇ ಕಾರಣ. ಹಾಗಂತ ಬಾಗಿಲು ತೆರೆದಿಟ್ಟು ಪರೀಕ್ಷೆ ಮುಗಿಸಬೇಡಿ.

ಒಂದೇ ಡಕ್ಟ್‌ಗೆ ಹಲವು ಹುಡ್‌ಗಳಿದ್ದರೆ ಎಲ್ಲವೂ ಬಳಕೆಯಲ್ಲಿದ್ದಾಗಲೇ ಪರೀಕ್ಷಿಸಿ. ಒಂದನ್ನೇ ತೆರೆದು ಅಳೆದರೆ ಯಾವ ಹುಡ್ ಆದರೂ ಶೂರನೇ.

## ಹಂತ 4: ಸ್ಯಾಶ್ ಎತ್ತರ ಗುರುತು ಮಾಡಿ

ಕೆಲಸ ಮಾಡುವ ಎತ್ತರ ಸಾಮಾನ್ಯವಾಗಿ 45 ಸೆಂಟಿಮೀಟರ್. ಅಲ್ಲಿಗೆ ಸ್ಯಾಶ್ ತಂದು ಪಕ್ಕದ ಚೌಕಟ್ಟಿನ ಮೇಲೆ ಬಾಣದ ಗುರುತು ಹಾಕಿ. ಇದು ಯಾಕೆ ಮುಖ್ಯ ಅಂತ ಲೆಕ್ಕವೇ ಹೇಳುತ್ತದೆ. 1.5 ಮೀಟರ್ ಅಗಲದ ಹುಡ್ ಅನ್ನು 0.45 ಮೀಟರ್ ತೆರೆದರೆ ಬಾಯಿಯ ವಿಸ್ತೀರ್ಣ 0.675 ಚದರ ಮೀಟರ್. ವೇಗ 0.5 ಇದ್ದರೆ ಗಂಟೆಗೆ ಸುಮಾರು 1,215 ಘನ ಮೀಟರ್ ಗಾಳಿ. ಫ್ಯಾನ್ ಅಷ್ಟೇ ಗಾಳಿ ಎಳೆಯುತ್ತಿರುವಾಗ ಯಾರೋ ಸ್ಯಾಶ್ ಅನ್ನು 0.75 ಮೀಟರ್‌ಗೆ ಎತ್ತಿದರೆ ವೇಗ 0.3ಕ್ಕೆ ಇಳಿಯುತ್ತದೆ. ಹುಡ್ ಕೆಟ್ಟಿಲ್ಲ, ಎತ್ತಿದವರ ಕೈ ಕೆಟ್ಟಿದೆ.

## ಹಂತ 5: ಹೊಗೆ ಪರೀಕ್ಷೆ

ಅವಸರ ಬೇಡ. ಈ ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಇದಕ್ಕೇ ಕೊಡಿ. ಹುಡ್‌ನ ಹೊಗೆ ಎಲ್ಲಿ ಹೋಗುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ, ಕಟ್ಟಡದ ಸ್ಮೋಕ್ ಅಲಾರಂ ನೋಡಿಕೊಳ್ಳುವವರಿಗೂ ಹೇಳಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಮೊಬೈಲ್‌ನಲ್ಲಿ ವಿಡಿಯೋ ಮಾಡಲಿ. ಹಿಂದೆ ಕಪ್ಪು ಬಟ್ಟೆ ಇದ್ದರೆ ಹೊಗೆ ಚೆನ್ನಾಗಿ ಕಾಣುತ್ತದೆ.

ಮೊದಲು ತೆಳ್ಳಗೆ. ಸ್ಮೋಕ್ ಟ್ಯೂಬ್ ಅನ್ನು ಹುಡ್ ಬಾಯಿಯ ಹೊರಗಡೆ ಅಂಚಿಗೆ ಹಿಡಿದು ಕೆಳಗಿನ ಅಂಚು, ಎರಡೂ ಪಕ್ಕ, ಸ್ಯಾಶ್ ಕೆಳಗೆ ಹೀಗೆ ಸುತ್ತಲೂ ನಿಧಾನ ಎಳೆಯಿರಿ. ಪ್ರತಿ ಕಡೆಯೂ ಹೊಗೆ ತಡವರಿಸದೆ ಒಳಗೆ ಹೋಗಬೇಕು.

ಈಗ ಒಳಗೆ. ಮೇಜಿನ ಮೇಲೆ, ಬಾಯಿಯಿಂದ 15 ಸೆಂಟಿಮೀಟರ್ ಹಿಂದೆ ಬಿಡಿ. ಏರ್‌ಫಾಯಿಲ್ ಸರಿಯಿದ್ದರೆ ಹೊಗೆ ಮೇಜಿಗೆ ಅಂಟಿಕೊಂಡ ಹಾಗೆ ಹಿಂದಿನ ಸಂದಿಗೆ ಹರಿಯುತ್ತದೆ. ಇಲ್ಲದಿದ್ದರೆ ಮುಂದಿನ ಅಂಚಿನ ಹಿಂದೆಯೇ ಒಂದು ಸುಳಿ ಕಾಣುತ್ತದೆ. ಹೊಗೆ ಅಲ್ಲೇ ಸುತ್ತುತ್ತಾ ಮುಂದಕ್ಕೆ ತೆವಳಿ, ಅಂಚು ದಾಟಿ ಹೊರಗೆ ಇಣುಕುತ್ತದೆ. ಆಮೇಲೆ ಮೇಲೆ, ಸ್ಯಾಶ್ ಗಾಜಿನ ಹಿಂದೆ ಬಿಡಿ. ಅಲ್ಲಿ ಹೊಗೆ ದೊಡ್ಡದಾಗಿ ಉರುಳುತ್ತಾ ಗಾಜಿನ ಬೆನ್ನಿಗೆ ಕೆಳಗಿಳಿಯುವುದು ಕಾಣುತ್ತದೆ, ಅದು ಮಾಮೂಲಿ. ಇಳಿದದ್ದು ಸ್ಯಾಶ್‌ನ ಕೆಳಗಂಚಿನಲ್ಲಿ ತಿರುಗಿ ಒಳಗೆ ಹೋದರೆ ಸರಿ. ಕೆಳಗಂಚು ದಾಟಿ ಒಂದು ಎಳೆಯಷ್ಟು ಹೊರಗೆ ಬಂದರೂ ಫೇಲ್, ಯಾಕೆಂದರೆ ಅದರ ಎದುರಿಗೇ ನಿಮ್ಮ ಮುಖ ಇರುತ್ತದೆ.

ಈಗ ಒಬ್ಬರು ಕೆಲಸ ಮಾಡುವ ಹಾಗೆ ಹುಡ್ ಮುಂದೆ ನಿಂತು ಕೈ ಒಳಗಿಡಲಿ. ಬಾಯಿಯಿಂದ 5 ಸೆಂಟಿಮೀಟರ್ ಒಳಗೆ ಹೊಗೆ ಬಿಟ್ಟು ನೋಡಿ. ಒಳಬರುವ ಗಾಳಿ ದೇಹವನ್ನು ಬಳಸಿಕೊಂಡು ಬರುವುದರಿಂದ ಎದೆಯ ಮುಂದೆ ಗಾಳಿ ಸುಳಿಯುವ ಒಂದು ಜಾಗ ಉಳಿಯುತ್ತದೆ. ಹೊಗೆ ಆ ಜಾಗಕ್ಕೆ ಸಿಕ್ಕರೆ ಅಂಗಿಗೆ ತಾಗಿಕೊಂಡು ಗಲ್ಲದ ಕಡೆಗೆ ಏರುವುದನ್ನು ಕಣ್ಣಾರೆ ನೋಡಬಹುದು. ಅದೇ ಹೊಗೆಯನ್ನು ಬಾಯಿಯಿಂದ 15 ಸೆಂಟಿಮೀಟರ್ ಹಿಂದಕ್ಕೆ, ಹುಡ್ ಒಳಗೆ ಬಿಟ್ಟಾಗ ಹಾಗಾಗಬಾರದು. ಎಲ್ಲವನ್ನೂ ಬಾಯಿಯಿಂದ ಕನಿಷ್ಠ 15 ಸೆಂಟಿಮೀಟರ್ ಹಿಂದಕ್ಕೆ ಇಡಿ ಅನ್ನುವ ನಿಯಮ ಹುಟ್ಟಿದ್ದೇ ಇದಕ್ಕೆ. ಹೊಸಬರಿಗೆ ಈ ವಿಡಿಯೋ ತೋರಿಸಿ, ಹತ್ತು ಪೋಸ್ಟರ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಕೊನೆಗೆ ದಪ್ಪ ಹೊಗೆ. ಬೋಗುಣಿಯ ಬಿಸಿನೀರಿಗೆ ಡ್ರೈ ಐಸ್ ಹಾಕಿ ಹುಡ್ ಮಧ್ಯದಲ್ಲಿಡಿ. ಹಿಂದಿನಿಂದ ಎಷ್ಟು ಬೇಗ ಖಾಲಿಯಾಗುತ್ತದೆ ನೋಡಿ, ಮೂಲೆಗಳಲ್ಲಿ ನಿಂತು ಬಿಡುತ್ತದಾ ನೋಡಿ. ಇದು ನಡೆಯುತ್ತಿರುವಾಗಲೇ ಒಬ್ಬರು ಮುಂದೆ ನಡೆದುಹೋಗಲಿ, ಬಾಗಿಲು ಒಮ್ಮೆ ತೆರೆದು ಮುಚ್ಚಲಿ, ಸ್ಯಾಶ್ ಒಮ್ಮೆ ಮೇಲೆ ಕೆಳಗೆ ಆಗಲಿ.

ನಂತರ ಉಪಕರಣಗಳನ್ನು ಫೋಟೋದಲ್ಲಿದ್ದ ಹಾಗೆ ಜೋಡಿಸಿ ಇದಿಷ್ಟನ್ನೂ ಮತ್ತೊಮ್ಮೆ ಮಾಡಿ. ಖಾಲಿ ಇದ್ದಾಗ ಪಾಸಾಗಿ ಈಗ ಫೇಲ್ ಆದರೆ ದೊಡ್ಡ ಉಪಕರಣಕ್ಕೆ ಕಾಲು ಕೊಟ್ಟು 5 ಸೆಂಟಿಮೀಟರ್ ಎತ್ತರಿಸಿ, ಅಡಿಯಿಂದ ಗಾಳಿ ಹರಿಯಲಿ. ಹಲವು ಸಲ ಅಷ್ಟರಲ್ಲೇ ಸರಿಹೋಗುತ್ತದೆ.

## ಹಂತ 6: ಈಗ ಮೀಟರ್

ಸ್ಯಾಶ್ ಗುರುತಿನಲ್ಲಿರಲಿ, ಹುಡ್ ಖಾಲಿ ಇರಲಿ. ಹುಡ್ ಬಾಯಿಯನ್ನು ಸುಮಾರು 30 ಸೆಂಟಿಮೀಟರ್ ಚೌಕಗಳಾಗಿ ದಾರ ಅಥವಾ ಟೇಪಿನಿಂದ ಭಾಗ ಮಾಡಿ. ಪ್ರತಿ ಚೌಕದ ಮಧ್ಯದಲ್ಲಿ, ಸ್ಯಾಶ್ ಇರುವ ಸಮತಲದಲ್ಲೇ, ಸ್ಟ್ಯಾಂಡ್ ಮೇಲೆ ಮೀಟರ್ ಇಟ್ಟು ಪಕ್ಕಕ್ಕೆ ಸರಿಯಿರಿ. ಒಂದು ಕ್ಷಣದ ಅಂಕಿ ಬರೆಯಬೇಡಿ, ಕನಿಷ್ಠ 20 ಸೆಕೆಂಡಿನ ಸರಾಸರಿ ತೆಗೆಯಿರಿ.

ಸಾಮಾನ್ಯ ಹುಡ್‌ಗೆ ಸರಾಸರಿ 0.4ರಿಂದ 0.6 ಮೀಟರ್ ಒಳಗೆ ಬರಬೇಕು. ಕಡಿಮೆ ವೇಗಕ್ಕೆಂದೇ ಮಾಡಿದ ಹುಡ್‌ಗಳು 0.3ರಲ್ಲೂ ಕೆಲಸ ಮಾಡುತ್ತವೆ, ಆದರೆ ತಯಾರಕರ ಕಾಗದದಲ್ಲಿ ಹಾಗಂತ ಇದ್ದರೆ ಮಾತ್ರ. ವೇಗ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. 0.75 ದಾಟಿದರೆ ಗಾಳಿ ಅಂಚುಗಳಲ್ಲಿ ಮುರಿದು ಸುಳಿಗಳಾಗುತ್ತವೆ, ಪುಡಿ ಹಾರುತ್ತದೆ, ತಕ್ಕಡಿ ಅಲುಗಾಡುತ್ತದೆ, ಆವಿ ಹೊರಗೂ ಬರುತ್ತದೆ.

ಸರಾಸರಿಯನ್ನು ಮಾತ್ರ ನೋಡಬೇಡಿ. ನಾಲ್ಕು ಚೌಕಗಳಲ್ಲಿ 0.75, 0.6, 0.4, 0.25 ಬಂದರೂ ಸರಾಸರಿ 0.5 ತಾನೇ. ಆ 0.25ರ ಮೂಲೆಯಲ್ಲಿ ಕೆಲಸ ಮಾಡುವವರಿಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಯಾವ ಚೌಕವೂ ಸರಾಸರಿಯಿಂದ 20 ಶೇಕಡಕ್ಕಿಂತ ಜಾಸ್ತಿ ಆಚೀಚೆ ಹೋಗದಿರಲಿ. ಹಾಗೇ ಹಳೆಯ ದಾಖಲೆ ತೆಗೆದು ಹೋಲಿಸಿ. ಮಿತಿಯೊಳಗೇ ಇದ್ದರೂ ಹಿಂದಿನ ಅಳತೆಗಿಂತ 10 ಶೇಕಡ ಇಳಿದಿದ್ದರೆ ಏನೋ ಬದಲಾಗಿದೆ, ಹುಡುಕಿ.

ಸ್ಯಾಶ್ ಎತ್ತರಕ್ಕೆ ತಕ್ಕಂತೆ ಗಾಳಿ ಹೊಂದಿಸಿಕೊಳ್ಳುವ ವಿಎವಿ ಹುಡ್ ಆದರೆ ಅರ್ಧ ಎತ್ತರದಲ್ಲೂ ಅಳೆಯಿರಿ. ವೇಗ ಹೆಚ್ಚುಕಡಿಮೆ ಅಷ್ಟೇ ಇರಬೇಕು, ಸ್ಯಾಶ್ ಎತ್ತಿದ ಮೇಲೆ ಕೆಲವೇ ಸೆಕೆಂಡಿನಲ್ಲಿ ಅದು ಸ್ಥಿರಕ್ಕೆ ಬರಬೇಕು.

## ಹಂತ 7: ಅಲಾರಂ

ಹುಡ್ ಮೇಲಿರುವ ಮಾನಿಟರ್ ತೋರಿಸುವ ಅಂಕಿಯನ್ನು ನಿಮ್ಮ ಮೀಟರ್ ಜೊತೆ ತಾಳೆ ನೋಡಿ. ಬೇಕೆಂತಲೇ ಗಾಳಿ ಕಡಿಮೆ ಮಾಡಿಸಿ ಅಲಾರಂ ಕೂಗುತ್ತದಾ ಕೇಳಿಸಿಕೊಳ್ಳಿ. ಶಬ್ದ ಕಿರಿಕಿರಿ ಅಂತ ಯಾರೋ ಸ್ಪೀಕರ್ ಮೇಲೆ ಟೇಪ್ ಅಂಟಿಸಿದ್ದರೆ ಅದನ್ನು ತೆಗೆಯುವುದಷ್ಟೇ ಸಾಲದು, ಅದು ಯಾಕೆ ಅಷ್ಟು ಸಲ ಕೂಗುತ್ತಿತ್ತು ಅಂತಲೂ ಕೇಳಿ.

## ಹಂತ 8: ಟ್ರೇಸರ್ ಗ್ಯಾಸ್ ಪರೀಕ್ಷೆ, ಬೇಕಾದಾಗ

ಹೊಸ ಹುಡ್ ಕೂರಿಸಿದಾಗ, ಡಕ್ಟ್ ಅಥವಾ ಕೋಣೆಯ ಗಾಳಿ ವ್ಯವಸ್ಥೆ ಬದಲಾದಾಗ, ತುಂಬಾ ವಿಷಕಾರಿ ವಸ್ತು ಬಳಸುವಾಗ ಇದು ಬೇಕು. ಅಮೆರಿಕದ ಆಶ್ರೇ (ಎಸಿ, ಗಾಳಿ ವ್ಯವಸ್ಥೆಯ ಎಂಜಿನಿಯರ್‌ಗಳ ಸಂಘ) ಕೊಟ್ಟ 110 ಅನ್ನುವ ವಿಧಾನದಲ್ಲಿ ಹುಡ್ ಒಳಗೆ ನಿಮಿಷಕ್ಕೆ 4 ಲೀಟರ್ ಸಲ್ಫರ್ ಹೆಕ್ಸಾಫ್ಲೋರೈಡ್ ಬಿಟ್ಟು, ಮುಂದೆ ಮನುಷ್ಯನ ಎತ್ತರದ ಬೊಂಬೆ ನಿಲ್ಲಿಸಿ, ಅದು ಉಸಿರಾಡುವ ಜಾಗದಲ್ಲಿ ಎಷ್ಟು ಅನಿಲ ಸಿಕ್ಕಿತು ಅಂತ ಅಳೆಯುತ್ತಾರೆ. ಲ್ಯಾಬ್‌ನಲ್ಲಿ ಕೂರಿಸಿದ ಹುಡ್‌ಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 0.1 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 0.1 ಭಾಗ. ಯುರೋಪಿನಲ್ಲಿ ಫ್ಯೂಮ್ ಹುಡ್‌ಗೆ ಇಎನ್ 14175 ಅನ್ನುವ ಮಾನದಂಡ ಇದೆ. ಸಲ್ಫರ್ ಹೆಕ್ಸಾಫ್ಲೋರೈಡ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈ ಆಕ್ಸೈಡ್‌ಗಿಂತ 20,000 ಪಟ್ಟಿಗೂ ಮೀರಿದ್ದು. ಹಾಗಾಗಿ ಬದಲಿ ಅನಿಲ ಬಳಸುತ್ತಾರಾ ಅಂತ ಪರೀಕ್ಷೆ ಮಾಡುವವರನ್ನು ಕೇಳಿ. ಇದು ನೀವೇ ಮಾಡಿಕೊಳ್ಳುವ ಕೆಲಸವಲ್ಲ, ಉಪಕರಣ ಮತ್ತು ಅನುಭವ ಇರುವವರಿಂದಲೇ ಮಾಡಿಸಿ.

## ಫೇಲ್ ಆದರೆ ಎಲ್ಲಿ ಹುಡುಕಬೇಕು

ಎಲ್ಲ ಚೌಕಗಳಲ್ಲೂ ವೇಗ ಕಡಿಮೆ: ಫ್ಯಾನ್ ಬೆಲ್ಟ್ ಸಡಿಲ, ಡ್ಯಾಂಪರ್ (ಡಕ್ಟ್ ಒಳಗೆ ಗಾಳಿ ತಡೆಯುವ ಬಾಗಿಲು) ಅರ್ಧ ಮುಚ್ಚಿದೆ, ಅಥವಾ ಡಕ್ಟ್‌ನಲ್ಲಿ ಏನೋ ಸಿಕ್ಕಿಕೊಂಡಿದೆ. ಮೋಟಾರ್ ರಿಪೇರಿ ಆದ ಮೇಲೆ ಶುರುವಾಗಿದ್ದರೆ ಫ್ಯಾನ್ ತಿರುಗುವ ದಿಕ್ಕು ನೋಡಿಸಿ. ತ್ರೀ ಫೇಸ್ ವೈರ್ ಅದಲುಬದಲಾದರೆ ಸೆಂಟ್ರಿಫ್ಯೂಗಲ್ ಫ್ಯಾನ್ ಉಲ್ಟಾ ತಿರುಗುತ್ತದೆ, ಆದರೂ ಗಾಳಿ ಅದೇ ದಿಕ್ಕಿಗೆ ಸ್ವಲ್ಪ ಹೋಗುತ್ತಲೇ ಇರುತ್ತದೆ. ಶಬ್ದವೂ ಬರುತ್ತದೆ, ಟಿಶ್ಯೂವೂ ಹಾರುತ್ತದೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ.

ಒಂದೇ ಪಕ್ಕ ಕಡಿಮೆ: ಬ್ಯಾಫಲ್ ಸಂದಿ ಮುಚ್ಚಿದೆ ಅಥವಾ ಜರುಗಿದೆ. ಅಂಕಿ ಏರಿಳಿಯುತ್ತಲೇ ಇದೆ: ಬೆಲ್ಟ್ ಜಾರುತ್ತಿದೆ, ವಿಎವಿ ನಿಯಂತ್ರಣ ತಪ್ಪುತ್ತಿದೆ ಅಥವಾ ಕೋಣೆಯ ಅಡ್ಡಗಾಳಿ. ಅಂಕಿ ಸರಿ, ಹೊಗೆ ಹೊರಗೆ: ಹಂತ 3ಕ್ಕೆ ವಾಪಸ್ ಹೋಗಿ. ಈ ಕೊನೆಯದಕ್ಕೆ ಫ್ಯಾನ್ ಸ್ಪೀಡ್ ಏರಿಸುವುದು ಪರಿಹಾರವಲ್ಲ, ಸುಳಿ ಹೆಚ್ಚಾಗಿ ಇನ್ನೂ ಹದಗೆಡಬಹುದು.

ಫೇಲ್ ಆದ ಹುಡ್‌ಗೆ ಸ್ಯಾಶ್ ಮುಚ್ಚಿ "ಬಳಸಬೇಡಿ" ಚೀಟಿ ಅಂಟಿಸಿ, ದಿನಾಂಕ ಮತ್ತು ಕಾರಣ ಬರೆಯಿರಿ. "ಸ್ವಲ್ಪ ಹೊತ್ತು ಅಷ್ಟೇ" ಅನ್ನುವವರಿಗೂ ಕೊಡಬೇಡಿ.

## ಪರೀಕ್ಷೆಗಳ ನಡುವೆ

ಕನಿಷ್ಠ ವರ್ಷಕ್ಕೊಮ್ಮೆ ಇಡೀ ಪರೀಕ್ಷೆ ಆಗಬೇಕು. ಫ್ಯಾನ್ ರಿಪೇರಿ, ಎಸಿ ಬದಲಾವಣೆ, ಗೋಡೆ ಎತ್ತಿಸುವುದು, ಹೊಸ ದೊಡ್ಡ ಉಪಕರಣ ಇವುಗಳಲ್ಲಿ ಯಾವುದಾದರೂ ಆದರೆ ವರ್ಷ ಕಾಯಬೇಡಿ. ವಾಸನೆ, ತಲೆನೋವು, ಫ್ಯಾನ್ ಶಬ್ದದಲ್ಲಿ ವ್ಯತ್ಯಾಸ, ಒಳಗೋಡೆಯಲ್ಲಿ ಹನಿಗಟ್ಟುವುದು ಕಂಡರೂ ಅಷ್ಟೇ.

ಬಳಸುವವರಿಗೆ ಇಷ್ಟು ಹೇಳಿ: ತಲೆ ಒಳಗೆ ಹಾಕಬೇಡಿ, ಕೈ ನಿಧಾನವಾಗಿ ಆಡಿಸಿ, ಕೆಲಸವಿಲ್ಲದಾಗ ಸ್ಯಾಶ್ ಮುಚ್ಚಿ. ವೇಸ್ಟ್ ಸಾಲ್ವೆಂಟ್ ಆರಿಹೋಗಲಿ ಅಂತ ಹುಡ್‌ನಲ್ಲಿ ತೆರೆದಿಡುವುದು, ಅದನ್ನೇ ಗೋಡೌನ್ ಮಾಡಿಕೊಳ್ಳುವುದು ಬೇಡ. ಸ್ಯಾಶ್ ಗಾಜು ಸ್ಫೋಟ ತಡೆಯುವ ಗುರಾಣಿಯಲ್ಲ, ಅಂಥ ಕೆಲಸಕ್ಕೆ ಬೇರೆ ಶೀಲ್ಡ್ ಬೇಕು.

ಫ್ಯಾನ್ ನೋಡಲು ಯಾರಾದರೂ ಮೇಲೆ ಹತ್ತುವ ಮೊದಲು ಆ ಡಕ್ಟ್‌ಗೆ ಸೇರಿದ ಎಲ್ಲ ಹುಡ್‌ಗಳಲ್ಲಿ ಕೆಲಸ ನಿಲ್ಲಿಸಿ, ಬಾಟಲಿಗಳನ್ನು ಮುಚ್ಚಿ, ಸ್ಯಾಶ್ ಇಳಿಸಿ. ಫ್ಯಾನ್ ಸ್ವಿಚ್‌ಗೆ ಬೀಗ ಹಾಕಿಸಿ ಕೀಲಿಯನ್ನು ಹತ್ತುವವರ ಕೈಯಲ್ಲೇ ಕೊಡಿ. ಹುಡ್ ಬಾಯಲ್ಲಿ ಹೋದದ್ದೆಲ್ಲ ಹೊರಬರುವುದು ಅವರು ನಿಲ್ಲುವ ಜಾಗದಲ್ಲೇ.